ಬಿಡದ ಬಲಗೈ

ಬೆಳಗಾಗುವಷ್ಟರಲ್ಲಿ ನನ್ನ ಬಲಗೈ ಬಿಗಿಮುಷ್ಟಿಯಾಗಿರುತ್ತಿತ್ತು. ಮಹಡಿಯ ಮೆಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ದೇಹದ ಬಲಭಾಗ ನನ್ನ ಮಾತು ಕೇಳುತ್ತಿರಲಿಲ್ಲ, ನಾಲಿಗೆಯೂ ನಿಧಾನವಾಗಿತ್ತು. ತಂಗಿ ವಾರಿಜ ಹಾಸಿಗೆಯ ಪಕ್ಕ ಕೂತು ನನ್ನ ಮಣಿಕಟ್ಟನ್ನು ಕೆಳಕ್ಕೆ ಬಾಗಿಸುತ್ತಿದ್ದಳು. ಬೆರಳುಗಳು ಸಡಿಲವಾದಾಗ ಬೆವೆತ ಅಂಗೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಇದನ್ನು ಅವಳಿಗೆ ಕಲಿಸಿದ್ದು ಫಿಸಿಯೋಥೆರಪಿಸ್ಟ್ ಶಕೀಲಾ.

ವಾರಿಜಳ ಮದುವೆ ಈ ಕೈಗಾಗಿ ಕಾಯುತ್ತಿತ್ತು. ಅಪ್ಪ ತೀರಿಕೊಂಡಿದ್ದರಿಂದ ಧಾರೆಯಲ್ಲಿ ಅವಳ ಕೈಯನ್ನೆತ್ತಿ ವರನ ಕೈಯಲ್ಲಿಡಬೇಕಾದವನು ನಾನು. ಎಡಗೈಯಲ್ಲಿ ಕೊಡುವಂತಿರಲಿಲ್ಲ. ಸೋದರಮಾವ ತಾನೇ ಕೊಡುತ್ತೇನೆಂದ. ಅಣ್ಣನೇ ಕೊಡಬೇಕೆಂದು ಅವಳು ಹಟ ಹಿಡಿದಳು. ಇನ್ನು ಕಾಯಲಾಗದೆಂದು ಗಂಡಿನ ಕಡೆಯವರು ಹೇಳಿ ಕಳಿಸಿದ್ದರು.

ಸ್ಪಂಜು, ಮರದ ತುಂಡು, ಮಡಿಸಿದ ಟವೆಲ್ಲು. ಅಭ್ಯಾಸಕ್ಕೆಂದು ಹಿಡಿಯಲು ಕೊಟ್ಟಿದ್ದೆಲ್ಲ ಬೆರಳಿನಿಂದ ಜಾರುತ್ತಿತ್ತು. ಕೊನೆಗೊಂದು ಮಧ್ಯಾಹ್ನ ತಂಬಿಗೆಯ ಕಂಠ ಕೈಯಲ್ಲಿ ನಿಂತಿತು. ಅಮ್ಮ ಅತ್ತಳು. ಮಾವ ಆಗಲೇ ಮುಹೂರ್ತದ ಮಾತೆತ್ತಿದ. ನಗದೆ ಇದ್ದವರು ಶಕೀಲಾ ಒಬ್ಬರೇ.

"ಹಿಡಿಯೋದು ಮೊದಲು ಬರುತ್ತೆ, ಬಿಡೋದು ತಡ. ಗಾಬರಿಯಾದ್ರೆ ಇನ್ನೂ ಬಿಗಿಯುತ್ತೆ. ಸ್ವಲ್ಪ ತಡೀರಿ," ಎಂದರು.

"ಹಿಡಿದ್ಮೇಲೆ ಬಿಡೋದೂ ಒಂದು ವಿದ್ಯೆನಾ, ಮೇಡಂ?" ಎಂದ ಮಾವ. ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ.

ಮಂಟಪದಲ್ಲಿ ಎಡಗೈ ಊರುಗೋಲಿನ ಮೇಲಿತ್ತು. ಅದನ್ನು ಬಿಟ್ಟರೆ ಬೀಳುತ್ತಿದ್ದೆ. ಬಲಗೈಯಿಂದ ತಂಗಿಯ ಮಣಿಕಟ್ಟು ಹಿಡಿದೆ. ಸಲೀಸಾಗಿ ಮೇಲೆ ಬಂತು. ವರನ ತೆರೆದ ಅಂಗೈಯ ಮೇಲಿಟ್ಟು, ಇನ್ನು ಬಿಡಿ ಎಂದು ಬೆರಳುಗಳಿಗೆ ಮನಸ್ಸಿನಲ್ಲೇ ಹೇಳಿದೆ. ಅವು ಮುಷ್ಟಿ ಕಟ್ಟಿದವು. ನಾನು ಬೇಡಿಕೊಂಡಷ್ಟೂ ಬಿಗಿದವು.

ಪುರೋಹಿತರು ಹೇಳಿದ ಮಂತ್ರವನ್ನೇ ಮತ್ತೆ ಹೇಳಿದರು. ವರನ ಸೋದರತ್ತೆ, "ತಂಗಿ ಅಂದ್ರೆ ಎಷ್ಟು ಜೀವ ನೋಡಿ, ಕೊಡೋಕೇ ಮನಸ್ಸಿಲ್ಲ," ಎಂದು ಕಣ್ಣೊರೆಸಿಕೊಂಡಳು. ಹಿಂದೆ ಯಾರೋ ನಕ್ಕರು. ನನ್ನ ಬಾಯಲ್ಲಿ ಮಾತು ಕೂಡಿಕೊಳ್ಳಲಿಲ್ಲ. ಆದರೂ ಭಯವಿರಲಿಲ್ಲ. ಆ ಸಭೆಯಲ್ಲಿ ಈ ಕೈಯನ್ನು ಬಲ್ಲವಳು ಒಬ್ಬಳಿದ್ದಳು. ಅವಳತ್ತ ನೋಡಿದೆ.

ವಾರಿಜ ನನ್ನ ಕಿವಿಯ ಬಳಿ ಬಾಗಿದಳು.

"ನಾನು ಹೋದ್ರೆ ನಿಂಗೆ ಕಷ್ಟ ಅಂತ ನಂಗೂ ಗೊತ್ತಣ್ಣ. ಎಲ್ರ ಮುಂದೆ ಹೀಗೆ ಮಾಡ್ಬೇಡ. ಬಿಡು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಹಿಸಬಹುದಿತ್ತು.

ನನ್ನ ಉತ್ತರಕ್ಕೆ ಕಾಯದೆ ಅವಳು ಇನ್ನೊಂದು ಕೈಯಿಂದ ನನ್ನ ಮಣಿಕಟ್ಟನ್ನು ಬಾಗಿಸಿದಳು. ಬೆರಳುಗಳು ಸಡಿಲಗೊಂಡವು. ವಾದ್ಯದವರು ಜೋರು ಮಾಡಿದರು. ಮಾವ ಹಾಲು ಎರೆದ. ಅದು ಅವಳ ಮಣಿಕಟ್ಟಿನ ಮೇಲಿದ್ದ ನನ್ನ ಬೆರಳುಗಳ ಕೆಂಪು ಗುರುತುಗಳ ನಡುವೆ ದಾರಿ ಮಾಡಿಕೊಂಡು, ವರನ ಅಂಗೈಯೊಳಗೆ ಇಳಿಯಿತು.