ಡೆಲ್ಬರ್ಟನಂಥ ಬೆರ್ಚಪ್ಪ

ಅಕ್ಟೋಬರ್ ಮೊದಲ ವಾರಕ್ಕೆ ಅಮೆರಿಕದ ಓಹಾಯೊ ಸೀಮೆಯಲ್ಲಿ ಮೆಕ್ಕೆಜೋಳದ ಕಟಾವು ಅರ್ಧ ಮುಗಿದಿರುತ್ತದೆ. ಊರಾಚೆಯ ಹೊಲಗಳಿಂದ ಏಳುವ ಒಣರವದಿಯ ಧೂಳು ಗಾಳಿಯಲ್ಲಿ ತೇಲಿಬಂದು ಕಾರ್ವರ್ ಊರಿನ ಕಿಟಕಿಗಳ ಮೇಲೆಲ್ಲ ಕೂರುತ್ತದೆ. ಅದನ್ನು ಯಾರೂ ಒರೆಸುವುದಿಲ್ಲ. ಸುಗ್ಗಿ ಹಬ್ಬ ಮುಗಿಯುವ ತನಕ ಒರೆಸಿ ಪ್ರಯೋಜನವಿಲ್ಲ.

ಹಬ್ಬದ ಶನಿವಾರ ಬೆಳಿಗ್ಗೆ ಕೋರ್ಟಿನ ಮುಂದಿನ ಚೌಕದಲ್ಲಿ ಎಲ್ಲರ ಕೈಗೂ ಕೆಲಸವಿತ್ತು. ಒಂದು ಕಡೆ ಕಬ್ಬಿಣದ ಕೊಪ್ಪರಿಗೆಗಳಲ್ಲಿ ಬಿಳಿಕಾಳಿನ ಸೂಪ್ ಕುದಿಯುತ್ತಿತ್ತು. ಟ್ರಾಕ್ಟರಿನಿಂದ ಕುಂಬಳಕಾಯಿ ಇಳಿಸುವವರು ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿದ್ದರು. ಹುಲ್ಲುಹಾಸಿನ ಉದ್ದಕ್ಕೂ ಮನೆಗೊಂದರಂತೆ ಬೆರ್ಚಪ್ಪಗಳು, ಅಂದರೆ ಬೆದರುಬೊಂಬೆಗಳು, ಎದ್ದು ನಿಲ್ಲುತ್ತಿದ್ದವು. ಮಧ್ಯಾಹ್ನ ತೀರ್ಪುಗಾರರು ಬಂದು ಎಲ್ಲಕ್ಕಿಂತ ಚೆನ್ನಾಗಿರುವ ಬೊಂಬೆಗೆ ನೀಲಿ ರಿಬ್ಬನ್ ಕಟ್ಟುತ್ತಾರೆ. ಕೆಲವು ವರ್ಷಗಳಿಂದ ಆ ರಿಬ್ಬನ್ ಆರ್ಡಿಸ್ ಕೆಲ್ಲರ್ಮನ್ ಮನೆ ಬಿಟ್ಟು ಬೇರೆಡೆಗೆ ಹೋದದ್ದೇ ಇಲ್ಲ.

ಆರ್ಡಿಸ್ ಅರವತ್ತು ದಾಟಿದ ಹೆಂಗಸು. ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದ ಮೇಲೆ ಅವಳು ವರ್ಷವಿಡೀ ಕಾಯುವುದು ಈ ದಿನಕ್ಕೆ. ಊರಿನ ಯಾರನ್ನಾದರೂ ಅಚ್ಚು ಹೊಡೆದಂತೆ ಬೊಂಬೆ ಮಾಡುವುದು ಅವಳ ಕೈಚಳಕ. ಹೋದ ವರ್ಷ ಹೊಟ್ಟೆಗೆ ದಂಡಿಯಾಗಿ ಹುಲ್ಲು ತುರುಕಿ, ಆ ಸೀಮೆಯ ಪೊಲೀಸು ಮುಖ್ಯಸ್ಥರಾದ ಷರೀಫರ ಬೊಂಬೆ ಮಾಡಿದ್ದಳು. ಷರೀಫರೇ ಬಂದು ಅದರ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಂಡಿದ್ದರು.

ಈ ಸಲದ ಬೊಂಬೆಗೆ ಕಿವಿ ಮುಚ್ಚುವ ಕಿತ್ತಳೆ ಟೊಪ್ಪಿ, ಬಣ್ಣಗೆಟ್ಟ ಕೋಟು. ಪಕ್ಕದಲ್ಲೊಂದು ಪುಟ್ಟ ಕೈಗಾಡಿ, ಅದರ ತುಂಬ ಖಾಲಿ ಸೋಡಾ ಡಬ್ಬಿಗಳು. ಎಡಗಾಲನ್ನು ತಂತಿಯಿಂದ ಬಿಗಿದು ಸೊಟ್ಟಗೆ ಮಾಡಿ ಆರ್ಡಿಸ್ ಹಿಂದೆ ಸರಿದು ನೋಡಿದಳು.

ಸೂಪ್ ನೋಡಿಕೊಳ್ಳುತ್ತಿದ್ದ ಗೆಳತಿ ನೋರೀನ್ ಸೌಟು ಹಿಡಿದೇ ಬಂದಳು. “ಅಯ್ಯೋ, ಡೆಲ್ಬರ್ಟೇ ಕಣೇ ಇದು. ನಡೆಯೋದೊಂದು ಬಾಕಿ.”

“ಕುಂಟೋದೊಂದು ಬಾಕಿ ಅನ್ನು,” ಎಂದಳು ಆರ್ಡಿಸ್. ಇಬ್ಬರೂ ನಕ್ಕರು.

ಡೆಲ್ಬರ್ಟ್ ಜೋಳದ ಗೋದಾಮಿನ ಹಿಂದೆ ಹಳೆಯ ಟ್ರೇಲರ್ ಮನೆಯೊಂದರಲ್ಲಿ ಒಬ್ಬನೇ ಇದ್ದ. ಕಾಲೆಳೆಯುತ್ತ, ಗಾಡಿ ಎಳೆಯುತ್ತ, ಊರೆಲ್ಲ ಸುತ್ತಿ ಖಾಲಿ ಡಬ್ಬಿ ಆಯ್ದು ಮಾರುತ್ತಿದ್ದ. ಹಬ್ಬದ ಸೂಪಿಗೆ ಸೌದೆ ಒಡೆದುಕೊಡುವವನೂ ಅವನೇ. ನಸುಕಿಗೇ ಬಂದು ಒಡೆದು ಒಟ್ಟಿ, ಮನೆಗೆ ಹೋಗಿ ಮೈ ತೊಳೆದು, ಬಡಿಸುವ ಹೊತ್ತಿಗೆ ತಿರುಗಿ ಬರುತ್ತಿದ್ದ. ವರ್ಷದಲ್ಲಿ ಅವನು ಊರವರ ಜೊತೆ ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದದ್ದು ಆ ಒಂದು ದಿನ.

ಆರ್ಡಿಸ್ ಮಕ್ಕಳಿಗೆಂದು ಒಂದು ಆಟವನ್ನೂ ಹೂಡಿದ್ದಳು. ಗೆರೆಯಾಚೆ ನಿಂತು ಜೋಳದ ಕಾಳು ಎಸೆಯಬೇಕು. ಗಾಡಿಯ ಡಬ್ಬಿಗೆ ತಗುಲಿ ಟಣ್ ಅಂದರೆ ಒಂದು ಮಿಠಾಯಿ. ಮಕ್ಕಳು ಮುತ್ತಿಕೊಂಡರು. ಅವಳ ಮೊಮ್ಮಗಳು ಟೆಸ್ಸಾ ಎಲ್ಲರಿಗಿಂತ ಮುಂದೆ. ಗುರಿ ತಪ್ಪಿದ ಕಾಳುಗಳು ಬೊಂಬೆಯ ಮುಖಕ್ಕೆ, ಎದೆಗೆ ಬಡಿದಾಗಲೆಲ್ಲ ಅಪ್ಪ ಅಮ್ಮಂದಿರೂ ನಗುತ್ತಿದ್ದರು. ಆರ್ಡಿಸಳಿಗೆ ತೃಪ್ತಿಯಾಗಿತ್ತು.

ಸೂಪಿನ ಗಂಟೆ ಬಾರಿಸಿದಾಗ ಡೆಲ್ಬರ್ಟ್ ಬಂದ. ಒಗೆದ ಅಂಗಿ, ನೀರು ಹಚ್ಚಿ ಬಾಚಿದ ತಲೆ. ಹಿಂದೆ ಗಾಡಿ, ಅದರಲ್ಲಿ ದಾರಿಯಲ್ಲಿ ಸಿಕ್ಕ ನಾಲ್ಕಾರು ಡಬ್ಬಿ.

“ನಡೆಯೋ ಬೆರ್ಚಪ್ಪ ಬಂತು ನೋಡ್ರೋ,” ಎಂದು ಕೂಗಿದ್ದು ಟೆಸ್ಸಾ. ಕೂಗಿದವಳೇ ಹಿಡಿ ಕಾಳು ಬೀಸಿ ಎಸೆದಳು. ಕೆಲವು ಡಬ್ಬಿಗೆ ಬಿದ್ದವು, ಕೆಲವು ಅವನ ಕೆನ್ನೆಗೆ. ಉಳಿದ ಮಕ್ಕಳೂ ಎಸೆದರು. ದೊಡ್ಡವರಲ್ಲಿ ಯಾರೋ ನಕ್ಕರು, ನಕ್ಕು ಅರ್ಧಕ್ಕೆ ನಿಲ್ಲಿಸಿದರು.

ಡೆಲ್ಬರ್ಟ್ ಬೊಂಬೆಯನ್ನು ನೋಡಿದ. ಟೊಪ್ಪಿ ನೋಡಿದ, ಗಾಡಿ ನೋಡಿದ, ಸೊಟ್ಟ ಕಾಲಿನ ಹತ್ತಿರ ಅವನ ಕಣ್ಣು ಬಹಳ ಹೊತ್ತು ನಿಂತಿತು. ಆಮೇಲೆ ಕಾಲರಿಗೆ ಸಿಕ್ಕಿಕೊಂಡಿದ್ದ ಕಾಳನ್ನು ಕೊಡವಿ, ಗಾಡಿ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೋದ.

“ಅಜ್ಜಿ, ಟಣ್ ಅಂತು. ಕೊಡು,” ಟೆಸ್ಸಾ ಕೈ ಚಾಚಿದಳು.

ಮಿಠಾಯಿ ಆರ್ಡಿಸಳ ಬೆರಳಲ್ಲೇ ಇತ್ತು. ಅವಳು ಕೊಡಲಿಲ್ಲ.

“ಯಾಕೆ? ಆ ಡೆಲ್ಬರ್ಟ್‌ಗೆ ಹೊಡೆದಾಗ ಕೊಟ್ಟೆ. ಈ ಡೆಲ್ಬರ್ಟ್‌ಗೆ ಹೊಡೆದ್ರೆ ಯಾಕೆ ಕೊಡಲ್ಲ?”

ಆರ್ಡಿಸ್ ಮಿಠಾಯಿಯನ್ನು ಜೇಬಿಗೆ ಹಾಕಿಕೊಂಡು ಬೊಂಬೆಯ ಕಾಲಿನ ತಂತಿ ಬಿಚ್ಚತೊಡಗಿದಳು.

“ತಲೆ ಕೆಟ್ಟಿದ್ಯಾ ನಿಂಗೆ?” ನೋರೀನ್ ಓಡಿಬಂದಳು. “ತೀರ್ಪಿನವರು ಲೈಬ್ರರಿ ಹತ್ರ ಬಂದಾಯ್ತು. ತಮಾಷೆಗೆ ತಾನೇ ಮಾಡಿದ್ದು? ಷರೀಫರು ನಗಲಿಲ್ವಾ? ಸಂಜೆ ಅವನಿಗೊಂದು ಡಬ್ಬಿ ಸೂಪ್ ಕಳಿಸಿದ್ರಾಯ್ತು ಬಿಡು.”

“ಡಬ್ಬೀಲಿ ಸೂಪು ಬೇಕು ಅಂತ ಅವನು ತಲೆ ಬಾಚ್ಕೊಂಡು ಬಂದಿರ್ಲಿಲ್ಲ, ನೋರೀನ್,” ಎಂದಳು ಆರ್ಡಿಸ್. “ನಂದು ಈ ವರ್ಷ ಇಲ್ಲ ಅಂತ ಹೇಳ್ಬಿಡು ಅವರಿಗೆ.” ಹುಲ್ಲು ಕಿತ್ತು ರಾಶಿ ಹಾಕಿ, ಟೆಸ್ಸಾಳ ಕೈಹಿಡಿದು ಗೋದಾಮಿನ ಕಡೆ ನಡೆದಳು.

ಡೆಲ್ಬರ್ಟ್ ಟ್ರೇಲರಿನ ಮೆಟ್ಟಿಲ ಮೇಲೆ ಕೂತಿದ್ದ. ಎದುರಿಗೆ ಜೋಳದ ಲಾರಿಗಳು ಸಾಲಾಗಿ ನಿಂತಿದ್ದವು.

“ಡೆಲ್ಬರ್ಟ್, ಸೂಪ್ ಆರಿಹೋಗುತ್ತೆ.”

“ಹಸಿವಿಲ್ಲ.”

“ಬೊಂಬೆ ಬಿಚ್ಚಿ ಹಾಕ್ದೆ.”

“ಯಾಕೆ? ಚೆನ್ನಾಗೇ ಇತ್ತಲ್ಲ.” ಅವನು ಲಾರಿಗಳಿಂದ ಕಣ್ಣು ತೆಗೆಯಲಿಲ್ಲ. “ಕಾಲೊಂದು ತಪ್ಪಾಗಿತ್ತು. ನಂದು ಬಲಗಾಲು. ಒಂದೇ ಕ್ಲಾಸಲ್ಲಿ ಓದಿದ್ವಿ, ದಿನಾ ನಿನ್ನ ಮನೆ ಮುಂದೇನೇ ಹೋಗ್ತೀನಿ.”

ಆರ್ಡಿಸ್ ಅವನ ಕಾಲು ನೋಡಿದಳು. ಬಲಗಾಲೇ. ಇಷ್ಟು ವರ್ಷ ಅವಳು ನಗುವುದಕ್ಕೆ ಬೇಕಾದಷ್ಟು ಮಾತ್ರ ಅವನನ್ನು ನೋಡಿದ್ದಳು.

“ಷರೀಫರದ್ದೂ ಮಾಡಿದ್ನಲ್ಲ, ಹಾಗೇ ಅಂದ್ಕೊಂಡೆ,” ಎಂದಳು. ಹೇಳುವಾಗಲೇ ಮಾತು ಬಾಯಲ್ಲಿ ಸಪ್ಪೆಯಾಯಿತು.

“ಷರೀಫರು ಸೋಮವಾರ ಮತ್ತೆ ಷರೀಫರೇ ಕಣೇ. ನಾನು ಸೋಮವಾರ ಇದೇ ಗಾಡಿ ಎಳ್ಕೊಂಡು ಇದೇ ಮಕ್ಕಳ ಮುಂದೆ ಹೋಗ್ಬೇಕು.”

ಲಾರಿಯೊಂದು ಮುಂದೆ ಸರಿಯಿತು. ಟೆಸ್ಸಾ ಅಜ್ಜಿಯ ಹಿಂದಿನಿಂದ ಇಣುಕಿದಳು.

“ಮೊದಲು ಎಸೆದಿದ್ದು ನಾನು. ನೋವಾಯ್ತಾ?”

“ಕಾಳಿಂದ ಆಗ್ಲಿಲ್ಲ.”

ಹುಡುಗಿ ತಲೆ ತಗ್ಗಿಸಿದಳು. “ಬೆರ್ಚಪ್ಪ ಅಂದಿದ್ದೂ ನಾನೇ,” ಎಂದಳು ಸಣ್ಣಗೆ. “ಇನ್ನು ಅನ್ನಲ್ಲ. ಬೇರೆಯವರಿಗೂ ಅನ್ನೋಕೆ ಬಿಡಲ್ಲ.”

“ನೀನೊಬ್ಬಳೇ ಎಷ್ಟು ಜನರ ಬಾಯಿ ಮುಚ್ತೀಯೆ?” ಡೆಲ್ಬರ್ಟನ ಮುಖ ಕೊಂಚ ಸಡಿಲವಾಯಿತು.

“ಅಜ್ಜಿನೂ ಇದ್ದಾಳಲ್ಲ.”

ಅವನು ಮೊದಲ ಸಲ ಆರ್ಡಿಸಳ ಕಡೆ ತಿರುಗಿದ. ಆರ್ಡಿಸ್ ತಲೆಯಾಡಿಸಿದಳು. “ಬಾ, ಡೆಲ್ಬರ್ಟ್. ನಿನ್ನ ಸೌದೇಲಿ ಬೆಂದಿದ್ದು. ನೀನಿಲ್ದೆ ನಂಗೂ ಗಂಟಲಲ್ಲಿ ಇಳಿಯಲ್ಲ.”

“ನಂಗೆ ಕೋಪ ನಿನ್ನ ಮೇಲೆ. ಸೂಪಿನ ಮೇಲಿಲ್ಲ,” ಎನ್ನುತ್ತ ಅವನು ಮೊಣಕಾಲಿಗೆ ಕೈಕೊಟ್ಟು ಎದ್ದ.

ಮೂವರೂ ಮುಖ್ಯ ರಸ್ತೆಯಲ್ಲೇ ಬಂದರು. ಆರ್ಡಿಸ್ ಅವನ ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆದಳು. ಚೌಕದಲ್ಲಿ ತೀರ್ಪುಗಾರರು ಬೇರೊಬ್ಬರ ಬೊಂಬೆಗೆ ನೀಲಿ ರಿಬ್ಬನ್ ಕಟ್ಟುತ್ತಿದ್ದರು. ಅವಳು ಒಮ್ಮೆ ಅತ್ತ ನೋಡಿ ಮುಂದೆ ನಡೆದಳು. ಜನ ತಿರುಗಿ ನೋಡಿದರು. ಮಕ್ಕಳೂ ನೋಡಿದರು. ಒಬ್ಬ ಹುಡುಗ ಕಾಳಿದ್ದ ಕೈ ಎತ್ತಿದ. ಟೆಸ್ಸಾ ಅವನ ಮುಂದೆ ಹೋಗಿ ನಿಂತಳು. ಹುಡುಗ ಕೈ ಇಳಿಸಿದ.

ನೋರೀನ್ ಮೂರು ಬಟ್ಟಲು ತುಂಬಿ ತಂದಿಟ್ಟಳು. ಮೇಜಿನ ಆಚೆ ಕೂತಿದ್ದವರು ಬೆಂಚಿನಲ್ಲಿ ಜರುಗಿ ಜಾಗ ಮಾಡಿದರು. ಡೆಲ್ಬರ್ಟ್ ಚಮಚ ಎತ್ತಿಕೊಂಡ.

“ಕ್ಷಮಿಸಿದ್ಯಾ ನನ್ನ?” ಆರ್ಡಿಸ್ ಮೆಲ್ಲಗೆ ಕೇಳಿದಳು.

“ಇಲ್ಲ,” ಎಂದ ಡೆಲ್ಬರ್ಟ್, ಸೂಪ್ ಊದುತ್ತ. “ಊಟಕ್ಕೆ ಬಂದೆ, ಅಷ್ಟೆ. ಅದು ಬಾಕಿ ಇರ್ಲಿ.”

“ಎಷ್ಟು ದಿನ?”

“ನೋಡೋಣ. ಚಳಿಗಾಲ ಉದ್ದ ಇದೆ.”

“ಇರ್ಲಿ ಹಾಗಾದ್ರೆ,” ಎಂದಳು ಆರ್ಡಿಸ್. ಜೋಳದ ಬ್ರೆಡ್ಡನ್ನು ಮುರಿದು ಎರಡೂ ತುಂಡನ್ನು ಅವನ ಮುಂದೆ ಹಿಡಿದಳು. ಡೆಲ್ಬರ್ಟ್ ಎರಡನ್ನೂ ಹೋಲಿಸಿ ನೋಡಿ, ದೊಡ್ಡದನ್ನು ತೆಗೆದುಕೊಂಡ.