ಬೂದಿ ಬಣ್ಣದ ಚುಕ್ಕಿ

ಹೆಬ್ಬೆರಳು ತೆಗೆಯುವಂತಿರಲಿಲ್ಲ. ಕೇಬಲ್ಲಿನ ತುದಿ ಸಡಿಲವಾಗಿತ್ತು. ಒತ್ತಿ ಹಿಡಿದರೆ ಮಾತ್ರ ಲ್ಯಾಪ್‌ಟಾಪಿಗೂ ಫೋನಿಗೂ ಸಂಬಂಧ. ಶೇಕಡ ಹನ್ನೊಂದು. ನಡುವೆ ಕೈ ತಪ್ಪಿದರೆ ಫೋನು ಮತ್ತೆ ಏಳುವುದಿಲ್ಲ ಎಂದು ಸೂಚನೆಗಳಲ್ಲಿ ಮೂರು ಕಡೆ ಬರೆದಿತ್ತು. ಎರ್ನಿಸ್ ಮೂರನ್ನೂ ಓದಿದ್ದ.

"ಏನೋ ಅದು, ಊಟಕ್ಕೆ ಕೂತಾಗ್ಲೂ?" ಎಂದರು ದೊಡ್ಡಪ್ಪ ಸಾಪಾರ್ಬೆಕ್. ಬಾಗಿಲಿಗೆ ಎದುರಾದ ಹಿರಿಯರ ಜಾಗದಲ್ಲಿ ಕಾಲು ಮಡಚಿ ಕೂತು, ಕುರಿಯ ತಲೆಯಿಂದ ಕೆನ್ನೆಯ ಮಾಂಸ ಬಿಡಿಸುತ್ತಿದ್ದರು.

"ಕಾಲೇಜಿನ ಕೆಲಸ, ದೊಡ್ಡಪ್ಪ."

"ಭಾನುವಾರಾನೂ?"

"ಭಾನುವಾರಾನೂ."

ಸಂಜೆ ಆರು ಗಂಟೆಗೆ ಬಿಷ್ಕೆಕ್‌ನಿಂದ ಗಡಿಯಾಚೆಯ ಆಲ್ಮಾಟಿಗೆ ಬಸ್ಸು. ನಾಳೆ ಹತ್ತಕ್ಕೆ ಅಲ್ಲಿಯ ಸಂಸ್ಥೆಯೊಂದರಲ್ಲಿ ಕೆಲಸದ ಸಂದರ್ಶನ. ಟಿಕೆಟ್ಟು ತರ್ಕಶಾಸ್ತ್ರದ ಪಠ್ಯಪುಸ್ತಕದ ನಡುವೆ ಇತ್ತು. ಕಾಲೇಜಿನಲ್ಲಿ ಎರಡು ದಿನ ಉತ್ತರಪತ್ರಿಕೆ ತಿದ್ದುವುದಿದೆ, ಅಲ್ಲೇ ಮಲಗುತ್ತೇನೆ ಎಂದು ಮನೆಯಲ್ಲಿ ಹೇಳಿದ್ದ. ಯಾರೂ ಅನುಮಾನಿಸಲಿಲ್ಲ. ಅನುಮಾನಿಸುವ ಅಗತ್ಯವೇ ಇರಲಿಲ್ಲ, ನಕ್ಷೆ ಇತ್ತಲ್ಲ.

ಫೋನನ್ನು ಎರಡು ವರ್ಷದ ಹಿಂದೆ ನೊವೊಸಿಬಿರ್ಸ್ಕ್‌ನಿಂದ ಕಳಿಸಿದವನು ಅಣ್ಣ ಕುಬಾತ್. ಅದರೊಳಗೆ ಒಂದು ಆ್ಯಪ್ ಹಾಕಿಯೇ ಕಳಿಸಿದ್ದ. ಮನೆಯವರೆಲ್ಲ ನಕ್ಷೆಯ ಮೇಲೆ ಒಂದೊಂದು ಹಸಿರು ಚುಕ್ಕಿ. "ಅಮ್ಮಂಗೆ ಏನಾದ್ರೂ ಆದ್ರೆ ಹತ್ರ ಯಾರಿದಾರೆ ಅಂತ ಗೊತ್ತಾಗ್ಬೇಕಲ್ವಾ?" ಎಂದಿದ್ದ. ಹತ್ತಿರ ಇರುವವನು ಯಾವಾಗಲೂ ಎರ್ನಿಸ್‌ನೇ. ಅವನು ಕಿರಿಯ ಮಗ. ಮನೆ ಕಿರಿಯ ಮಗನಿಗೆ ಸೇರುತ್ತದೆ, ಕಿರಿಯ ಮಗ ಮನೆಗೆ ಸೇರುತ್ತಾನೆ. ಯಾರೂ ಬಲವಂತ ಮಾಡಿರಲಿಲ್ಲ. ಮಾಡಿದ್ದರೆ ಒಂದು ಸಲವಾದರೂ ಕೂಗಾಡಬಹುದಿತ್ತು.

ರೂಟ್ ಮಾಡಿದರೆ, ಅಂದರೆ ಫೋನಿನ ಒಳಗಿನ ಹಿಡಿತವನ್ನೆಲ್ಲ ತಾನೇ ತೆಗೆದುಕೊಂಡರೆ, ಅದರ ಕೈಯಲ್ಲಿ ಸುಳ್ಳು ಹೇಳಿಸಬಹುದು: ಚುಕ್ಕಿ ಕಾಲೇಜಿನಲ್ಲೇ ಕೂತಿರುತ್ತದೆ. ಆದರೆ ವಸಂತದಲ್ಲಿ ಬಂದ ಅಪ್‌ಡೇಟ್ ಆ ದಾರಿಯನ್ನು ಮುಚ್ಚಿತ್ತು. ಹಾಗಾಗಿ ಮೊದಲು ಕಂಪನಿ ಫೋನಿಗೆ ಹಾಕಿದ ಬೀಗ ತೆಗೆಸಬೇಕು, ಹಳೆಯ ವ್ಯವಸ್ಥೆಯನ್ನು ಮತ್ತೆ ತುಂಬಬೇಕು, ಆಮೇಲೆ ರೂಟ್. ಬೀಗ ತೆಗೆಯಲು ಕಂಪನಿಯವರು ನೂರ ಅರವತ್ತೆಂಟು ಗಂಟೆ ಕಾಯಿಸುತ್ತಾರೆ. ಚೆನ್ನಾಗಿ ಯೋಚಿಸಲಿ ಎಂದಿರಬೇಕು. ಏಳು ದಿನವೂ ಕಾದ, ಯೋಚಿಸಲಿಲ್ಲ.

ಇವತ್ತು ಬೆಳಿಗ್ಗೆ ಬೀಗ ತೆರೆಯಿತು. ತೆರೆದಾಗ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನಕ್ಷೆಯೂ ಹೋಯಿತು. ಇಪ್ಪತ್ತು ನಿಮಿಷ ಅವನು ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಕೂಗಿದಳು, "ಎರ್ನಿಸ್, ನೀನು ಕಾಣಿಸ್ತಾನೇ ಇಲ್ವಲ್ಲೋ!" ಅವನು ಪಕ್ಕದ ಕೋಣೆಯಲ್ಲೇ ಇದ್ದ. ಆ್ಯಪನ್ನು ತಾನೇ ಕೈಯಾರೆ ಮತ್ತೆ ಹಾಕಿಕೊಂಡ. ಈಗ ಹೆಬ್ಬೆರಳಿನ ಕೆಳಗೆ ತುಂಬುತ್ತಿದ್ದದ್ದು ಆ ಹಳೆಯ ವ್ಯವಸ್ಥೆ.

ಫೋನನ್ನು ಮನೆಯಲ್ಲೇ ಮರೆತಂತೆ ಬಿಟ್ಟು ಹೋಗಬಹುದಿತ್ತು. ತರ್ಕಶಾಸ್ತ್ರದ ಮೇಷ್ಟ್ರಿಗೆ ಅದು ಹೊಳೆಯದೆ ಇರುತ್ತದೆಯೇ? ಆದರೆ ಮರೆತ ಫೋನನ್ನು ಯಾರಾದರೂ ಹಿಡಿದುಕೊಂಡು ನೇರ ಕಾಲೇಜಿಗೇ ಬರುತ್ತಾರೆ. ಅಷ್ಟು ಒಳ್ಳೆಯ ಜನ.

ಶೇಕಡ ಐವತ್ತೆಂಟು. ಹೆಂಡತಿ ಮೇಯೆರಿಮ್ ಚಹಾದ ಕೆಟಲ್ ಹಿಡಿದು ಪಕ್ಕಕ್ಕೆ ಬಾಗಿದಳು.

"ಎಷ್ಟಾಯ್ತು?"

"ಏನು?"

"ಅದೇ, ಕಾಲೇಜಿನ ಕೆಲಸ."

"ಅರ್ಧ ದಾಟಿದೆ."

"ಬೆಳಿಗ್ಗೆ ಪುಸ್ತಕದ ಧೂಳು ಒರೆಸ್ತಿದ್ದೆ. ಒಂದು ಟಿಕೆಟ್ಟು ಬಿತ್ತು." ಕೆಟಲಿನ ಮುಚ್ಚಳ ಸರಿಮಾಡಿದಳು. "ಒಂದೇ ಒಂದು."

ಅವನು ಹೆಬ್ಬೆರಳನ್ನು ಇನ್ನಷ್ಟು ಒತ್ತಿದ.

"ಅದೇ ಪುಟದಲ್ಲಿ ಇಟ್ಟಿದೀನಿ, ಹೆದರ್ಬೇಡಿ," ಎಂದು ಅವನ ಬಟ್ಟಲಿಗೆ ಚಹಾ ಬಗ್ಗಿಸಿದಳು. ಅರ್ಧಕ್ಕೇ ನಿಲ್ಲಿಸಿದಳು. ಇನ್ನೂ ಕೂತಿರಲಿ ಎನಿಸುವವರಿಗೆ ಈ ಕಡೆ ಅರ್ಧ ಬಟ್ಟಲೇ ಕೊಡುವುದು. ತುಂಬಿಸಿ ಕೊಟ್ಟರೆ ಇನ್ನು ಹೊರಡಿ ಎಂದರ್ಥ. ಅವನಿಗೆ ನಾಚಿಕೆಯಾಯಿತು.

ಎಂಬತ್ತೊಂಬತ್ತು. ದೊಡ್ಡಪ್ಪ ಕೈಯ ಜಿಡ್ಡು ಒರೆಸಿಕೊಂಡರು, ಗಂಟಲು ಸರಿಮಾಡಿಕೊಂಡರು, ಇದ್ದಕ್ಕಿದ್ದಂತೆ ಎರಡೂ ಅಂಗೈ ಮೇಲೆತ್ತಿ ಹರಸತೊಡಗಿದರು. "ಈ ಮನೆ ಹೊಗೆ ಆರದೆ ಇರ್ಲಿ. ಕಿರಿಯೋನು ಕಾಯ್ಕೊಂಡು ಕೂತಿರೋ ಒಲೆ ಯಾವತ್ತೂ ತಣ್ಣಗಾಗದೆ ಇರ್ಲಿ..."

ಅಮ್ಮನ ಅಂಗೈಗಳು ಎದ್ದವು. ಮೇಯೆರಿಮ್‌ಳವೂ ಎದ್ದವು. ಎರ್ನಿಸ್ ಇಂಥದ್ದನ್ನೆಲ್ಲ ನಂಬುವುದು ಬಿಟ್ಟು ಹದಿನೈದು ವರ್ಷವಾಗಿತ್ತು. ಒಂದು ಕೈ ಎತ್ತಿದರೂ ನಡೆಯುತ್ತಿತ್ತು. ದೊಡ್ಡಪ್ಪನ ಕಣ್ಣು ಮುಚ್ಚಿತ್ತು, ಅವನನ್ನು ಯಾರೂ ನೋಡುತ್ತಿರಲಿಲ್ಲ. ಅವನ ಎರಡೂ ಕೈಗಳು ಎದ್ದವು.

"ಓಮಿನ್," ಹಾಗೇ ಆಗಲಿ ಎಂದರು ಎಲ್ಲರೂ. ಅವನೂ ಅಂದ. ಎಲ್ಲರಂತೆ ಮುಖದ ಮೇಲೆ ಅಂಗೈ ಸವರಿಕೊಂಡ.

ಕೈ ಇಳಿಸಿದಾಗ ಫೋನು ಕಪ್ಪಾಗಿತ್ತು. ಕೇಬಲ್ ಚುಚ್ಚಿದ. ಗುಂಡಿ ಒತ್ತಿ ಹಿಡಿದು ಮೂವತ್ತರವರೆಗೆ ಎಣಿಸಿದ.

"ಏನಾಯ್ತೋ?" ಎಂದಳು ಅಮ್ಮ.

"ಸತ್ತೋಯ್ತು."

"ಅಯ್ಯೋ, ಯಾರು?"

"ಫೋನು ಕಣಮ್ಮ."

ದೊಡ್ಡಪ್ಪ ಹೊಟ್ಟೆ ಕುಲುಕಿಸಿ ನಕ್ಕರು. "ಬಿಡೋ, ಪೀಡೆ ತೊಲಗ್ತು! ನಾವು ಕುರಿ ಹಿಂದೆ ಬೇಸಿಗೆಯೆಲ್ಲಾ ಬೆಟ್ಟದ ಮೇಲಿರ್ತಿದ್ವಿ, ಯಾವನು ಹುಡುಕ್ಕೊಂಡು ಬರ್ತಿದ್ದ? ಕಾಲೇಜಿಗೆ ಹೋಗ್ಬೇಕು ಅಂತಿದ್ಯಲ್ಲ, ಹೊರಡು."

"ಹೋಗ್ಬಾ ಕಂದ," ಎಂದಳು ಅಮ್ಮ. "ಫೋನು ಕೆಟ್ಟಿದೆ ಅಂತ ಗೊತ್ತಲ್ಲ, ನಾನೇನೂ ಗಾಬರಿಯಾಗಲ್ಲ."

ನೂರ ಅರವತ್ತೆಂಟು ಗಂಟೆ ಕಾದು ಕದಿಯಬೇಕೆಂದಿದ್ದನ್ನು ಅವರೇ ಎತ್ತಿ ಕೈಗೆ ಕೊಟ್ಟಿದ್ದರು. ಫೋನಿಲ್ಲ, ಹುಡುಕುವವರಿಲ್ಲ, ಬಸ್ಸಿಗೆ ಇನ್ನೂ ಹೊತ್ತಿತ್ತು. ತರ್ಕದಲ್ಲಿ ಎಲ್ಲಾದರೂ ಬಿರುಕಿದೆಯೇ ಎಂದು ನೋಡಿದ. ಇರಲಿಲ್ಲ. ತಾನು ಏಳುವುದನ್ನು ಕಾಯುತ್ತ ಕೂತ. ಮಡಚಿದ ಕಾಲು ಮಡಚಿದಂತೆಯೇ ಇತ್ತು.

"ಫೋನಿಲ್ದೆ ಹ್ಯಾಗೆ ಹೋಗೋದು?" ಎಂದ. ದನಿ ಅವನದೇ.

ಅಮ್ಮ ಕನ್ನಡಕ ಹಾಕಿಕೊಂಡು ತನ್ನ ಫೋನನ್ನು ದೊಡ್ಡಪ್ಪನ ಕಡೆ ತಿರುಗಿಸಿದಳು. "ಇವನ ಚುಕ್ಕಿ ಬೂದಿ ಬಣ್ಣಕ್ಕೆ ತಿರುಗಿದೆ ನೋಡಿ ಭಾವ. ಆದ್ರೂ ಪಾಪ, ಮನೇಲೇ ಇದೀನಿ ಅಂತ ತೋರಿಸ್ತಿದೆ."

ಮೇಯೆರಿಮ್ ಅವನ ಬಟ್ಟಲು ತೆಗೆದುಕೊಂಡು ಅಂಚಿನವರೆಗೂ ಚಹಾ ತುಂಬಿಸಿ, ಅವನ ಮುಖವನ್ನೇ ನೋಡುತ್ತ ಮುಂದೆ ಹಿಡಿದಳು.

ಎರ್ನಿಸ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಬಟ್ಟಲು ಸುಡುತ್ತಿತ್ತು. ರೊಟ್ಟಿ ಹರಡಿದ ಹಾಸಿನ ಮೇಲೆ ಒಂದು ಹನಿಯೂ ಚೆಲ್ಲದಂತೆ, ಉಸಿರು ಬಿಗಿಹಿಡಿದು, ಅಲುಗದೆ ಕೂತ.