ಹೇಗಿದ್ದೀರಿ ಅಂದರೆ

"ಈಯಮ್ಮ ಮುಂದಕ್ಕೂ ಹೋಗ್ತಿಲ್ಲ, ಹಿಂದಕ್ಕೂ ಬರ್ತಿಲ್ಲ. ನಿಂತ ನೀರು. ಇನ್ಯಾಕೆ ದುಡ್ಡು ಸುರೀಬೇಕು?"

ಲುವೀನಿಯಾಳ ಮಂಚದ ಕಾಲ್ದೆಸೆಯಲ್ಲಿ ನಿಂತು, ಅವಳಿಗೆ ಕಿವಿಯೇ ಇಲ್ಲವೆಂಬಂತೆ, ವಿಮೆಯ ಸಾಹೇಬ ಹ್ಯಾಡ್ಲಿ ನರ್ಸಿಗೆ ಹೇಳುತ್ತಿದ್ದ. ಶುಕ್ರವಾರದಿಂದ ಕಾಲಿನ ಕಸರತ್ತು ಬಂದ್, ಆರೈಕೆ ಬಂದ್, ಅವಳು ಮನೆಗೆ.

ನಾನು ಈ ಆರೈಕೆಮನೆಯಲ್ಲಿ ಅವಳ ಪಕ್ಕದ ಮಂಚದವಳು, ಓರಾ ಲೀ. ಅಮೆರಿಕದ ಮಿಸಿಸಿಪ್ಪಿಯ ಈ ಬಯಲಲ್ಲಿ ನಾವಿಬ್ಬರೂ ಮೀನಿನ ಕಾರ್ಖಾನೆಯ ಒಂದೇ ಸಾಲಲ್ಲಿ ನಿಂತು ಕರುಳು ಬಗೆದವರು. ಉಚ್ಚೆಗೆ ಹೋಗಲೂ ಮೇಸ್ತ್ರಿಯ ಅಪ್ಪಣೆ ಬೇಕಿತ್ತು. ಲಕ್ವ ಹೊಡೆದ ಮೇಲೆ ಲುವೀನಿಯಾಗೆ ಉಳಿದ ದೊಡ್ಡಸ್ತಿಕೆ ಒಂದೇ, ಕೋಲೂರಿ ತಾನೇ ಕಕ್ಕಸಿಗೆ ಹೋಗಿಬರುವುದು. ಕಸರತ್ತು ನಿಂತರೆ ಕಾಲು ಸೆಟೆದು ಅದೂ ಹೋಗುತ್ತದೆ.

ಸಾಹೇಬ ಹೋದಮೇಲೆ ಕಸರತ್ತು ಮಾಡಿಸುವ ಜನೆಲ್ ಅವಳ ಕಾಲು ಮಡಿಸುತ್ತ ಪಿಸುಗುಟ್ಟಿದಳು. "ವಾಸಿಯಾಗ್ದಿದ್ರೂ ಸರಿ, ಇರೋದು ಕೆಡದಂಗೆ ಕಾಯೋಕೂ ವಿಮೆ ಕೊಡ್ಬೇಕು. ಕಾನೂನೇ ಐತೆ. ಆದ್ರೆ ಕೆಡಿಸಿದ್ದು ನೀನೇ ಕಣವ್ವ. ಹೋದ್ವಾರ ಅವ್ನು ಹೇಗಿದ್ದೀರಿ ಅಂದಾಗ ಏನಂದೆ?"

"ದೇವ್ರ ದಯೆ, ಏನೂ ಕಮ್ಮಿ ಇಲ್ಲ ಅಂದೆ. ಇನ್ನೇನಂತಾರೆ?"

"ಅದನ್ನೇ ಬರ್ಕೊಂಡವ್ನೆ."

ನನಗೆ ನಗು ತಡೆಯಲಿಲ್ಲ. ನಮ್ಮ ಚರ್ಚಿನ ಹೆಂಗಸರೇ ಹಾಗೆ. ನೋವು ತೋಡಿಕೊಂಡರೆ ದೇವರ ಮೇಲೇ ಚಾಡಿ ಹೇಳಿದಂತೆ. ಲುವೀನಿಯಾ ಗಂಡನ ಹೆಣದ ಪಕ್ಕ ನಿಂತೂ ದೇವ್ರ ದಯೆ ಅಂದವಳು.

"ಲಕ್ವ ಬರೀ ಕಾಲಿಗೆ ಅಂದ್ಕೊಂಡಿದ್ದೆ ಕಣಕ್ಕ. ನಾಲ್ಗೆಗೂ ಹೊಡೆದೈತೆ," ಅಂದೆ.

"ಮುಚ್ಚೇ ಬಾಯಿ, ಮುಂಡೆ," ಅಂದಳು. ಆದರೆ ಅವತ್ತು ಜೋಳದ ರೊಟ್ಟಿ ಮುಟ್ಟಲಿಲ್ಲ. ನಕ್ಕಿದ್ದಕ್ಕೆ ನನಗೇ ಸಂಕಟವಾಯಿತು.

ಶುಕ್ರವಾರ ಹ್ಯಾಡ್ಲಿ ಅವಳನ್ನು ಮನೆಗೆ ಸಾಗಿಸಲು ಖಾಲಿ ಗಾಲಿಕುರ್ಚಿ ತಳ್ಳಿಸಿಕೊಂಡು ಬಂದ. "ಹೇಗಿದ್ದೀರಿ, ಲುವೀನಿಯಾ?" ಅವ್ವನ ವಯಸ್ಸಿನವಳನ್ನು, ನಮ್ಮ ಕಡೆ ಹಿರಿಯ ಹೆಂಗಸರಿಗೆ ಮರ್ಯಾದೆಗೆ ಸೇರಿಸುವ 'ಮಿಸ್' ಕೂಡ ಇಲ್ಲದೆ, ಬರೀ ಹೆಸರು ಹಿಡಿದು ಕರೆದ.

ಲುವೀನಿಯಾ ಒಂದು ಗಳಿಗೆ ಕಣ್ಣು ಮುಚ್ಚಿದಳು. ದೇವರ ಕ್ಷಮೆ ಕೇಳಿದಳೋ ಏನೋ.

"ಮಿಸ್ ಲುವೀನಿಯಾ ಅನ್ನು. ಆ ಗಾಲಿಕುರ್ಚಿಲೇ ಕೂತ್ಕೋ ಮಗ. ಕೇಳಿದ್ಯಲ್ಲ, ಹೇಳ್ತೀನಿ. ಒಂದಕ್ಷರ ಬಿಡದಂಗೆ ಬರ್ಕೋ. ಎಡಗಾಲಿನ ಕಿರುಬೆರಳಿಂದ ಸುರು ಮಾಡಾನ."

ಕಿರುಬೆರಳಾಯಿತು, ಹಿಮ್ಮಡಿಯಾಯಿತು. ಸಾಹೇಬ ಬೆವರಿದ. "ಅದೆಲ್ಲ ಸರಿ, ಸುಧಾರಣೆ ಇಲ್ವಲ್ಲ?"

"ನಿಮ್ಮನೆ ಹಿಂದೆ ನದಿಗೆ ಏರಿ ಹಾಕವ್ರಲ್ಲ, ಅದೆಷ್ಟು ಸುಧಾರ್ಸೈತೆ? ಇದ್ದಂಗೇ ಐತೆ ತಾನೆ? ಕಿತ್ತಾಕ್ಬುಡು ಹಂಗಾರೆ."

ಬಾಗಿಲಲ್ಲಿ ನಿಂತಿದ್ದ ಜನೆಲ್ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡಳು. ಊಟದ ಗಂಟೆ ಹೊಡೆದಾಗ ಲುವೀನಿಯಾಳ ವರದಿ ಇನ್ನೂ ಮಂಡಿಯವರೆಗಷ್ಟೇ ಬಂದಿತ್ತು. ಅವಳು ಕೋಲೂರಿ ಎದ್ದಳು.

"ನೋಡಿ, ನಡೀತೀರಲ್ಲ," ಅಂದ ಹ್ಯಾಡ್ಲಿ.

"ಅದನ್ನೂ ಬರ್ಕೋ. ಈ ಹುಡುಗಿ ಕೈ ನಿಂತ ದಿನ ಇದೂ ನಿಲ್ತದೆ."

ಯಾರ ಅಪ್ಪಣೆಯನ್ನೂ ಕೇಳದೆ, ಕಾಲೆಳೆಯುತ್ತ ಕಕ್ಕಸಿನ ಬಾಗಿಲು ಮುಟ್ಟಿ ತಿರುಗಿದಳು.

"ಎದ್ಗಿದ್ದೀಯಾ, ಜ್ವಾಕೆ. ಸೊಂಟ ಬಾಕಿ ಐತೆ."